ಲೂಸು

ಗುತ್ತಲು ರಸ್ತೆಯ ಈ ಹತ್ತಡಿ ಅಂಗಡಿಯಲ್ಲಿ
ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು.
ಯಾವ ಪುಸ್ತಕದಲ್ಲೂ ಓದಿದ್ದಲ್ಲ,
ಟೇಪು ಕೊರಳಿಗೆ ಬಿದ್ದ ದಿನವೇ ಬಂತು:
'ಅಕ್ಕಾ, ತೋಳು ಒಂಚೂರು ಲೂಸಿರ್ಲಿ.'

ಒಂಚೂರು ಎಂದರೆ ಎಷ್ಟು?
ಮದುವೆ ಗೊತ್ತಾದ ಹುಡುಗಿಗೆ ಕಾಲಿಂಚೂ ಹೆಚ್ಚು.
ಕೆರಗೋಡಿನ ಜವರಮ್ಮನಿಗೆ, ನಾಟಿಗೆ ಬಗ್ಗುವವಳಿಗೆ,
ಕಂಕುಳಲ್ಲಿ ಗಾಳಿ ಆಡಬೇಕು.
ಮೂರು ತಿಂಗಳಾದವಳು ಏನೂ ಹೇಳುವುದಿಲ್ಲ,
ಗೋಡೆಯ ಕ್ಯಾಲೆಂಡರ್ ನೋಡುತ್ತಾ
'ಲೂಸಾಗೇ ಇರ್ಲಿ ಬುಡಿ' ಅನ್ನುತ್ತಾಳೆ.
ಅವಳ ಅತ್ತೆಗಿಂತ ಮೊದಲು ತಿಳಿದವಳು ನಾನು
ಗುಂಡುಪಿನ್ನು ಬಾಯಲ್ಲಿ ಕಚ್ಚಿ ಸುಮ್ಮನಾಗುತ್ತೇನೆ.

ಸಡಿಲ ಅನ್ನಬಹುದಿತ್ತು. ಯಾರೂ ಅನ್ನುವುದಿಲ್ಲ.
ಸಡಿಲ ಅಂದರೆ ಗಂಟು, ಗೂಟ, ದನದ ಹಗ್ಗ;
ಅದು ಹಟ್ಟಿಯಲ್ಲೇ ಉಳಿಯಿತು.
ಇದು ಬಸ್ಸು ಹತ್ತಿ ಬಂದ ಪದ,
ಇಳಿದಲ್ಲೆಲ್ಲ ಬೇರೊಂದು ಕೆಲಸ ಹಿಡಿಯುತ್ತದೆ.
ಎದುರಿನ ಶೆಟ್ಟರಲ್ಲಿ ಎಣ್ಣೆ ಲೂಸು, ಪ್ಯಾಕೆಟ್ಟಿಗಿಂತ ಅಗ್ಗ.
ಪರೀಕ್ಷೆಯ ಬೆಳಗ್ಗೆ ಮಗ್ಗುಲ ಮನೆ ಹೈದನಿಗೆ ಹೊಟ್ಟೆ ಲೂಸು.
ನಾಲೆ ಏರಿಯ ಮಣ್ಣು ಲೂಸಂತೆ,
ಕಬ್ಬಿನ ಗಾಡಿಗಳೆಲ್ಲ ಸುತ್ತಿ ಬರುತ್ತವೆ.
ಆಲೆಮನೆಯಲ್ಲಿ ಪಾಕ ಲೂಸಾದರೆ
ಅಚ್ಚಲ್ಲಿ ನಿಲ್ಲದ ಬೆಲ್ಲ, ಇರುವೆಗೆ ಲಾಭ.
ಮಾತು ಲೂಸಾದರೆ ಪಂಚಾಯ್ತಿ.

ನನ್ನ ತಮ್ಮನಿಗಂತೂ ಅದೇ ಹೆಸರು.
ಅವ್ವ ಇಟ್ಟದ್ದು ಸಿದ್ದಬೋರ,
ರೇಷನ್ ಕಾರ್ಡಲ್ಲಿ ಈಗಲೂ ಹಾಗೇ ಇದೆ.
ಏಳನೇ ಕ್ಲಾಸಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ
ಹಿಂದಿನ ಬೆಂಚು ಸೇರಿಸಿತು: 'ಲೂಸ್ ಬೋರ.'
ಮೇಷ್ಟ್ರೂ ನಕ್ಕರು.
ಅಲ್ಲಿಂದಾಚೆ ಅವನು ಹಾಜರಿ ಹೇಳಲಿಲ್ಲ.
ಊರಲ್ಲಿ ಮೊದಲು 'ಅಯ್ಲು' ಅನ್ನುತ್ತಿದ್ದರು,
ಅದರೊಳಗೆ ಒಂದಿಷ್ಟು ಅಯ್ಯೋ ಇತ್ತು.
ಇದರಲ್ಲಿ ಇಲ್ಲ.

ಈಗ ನನ್ನಂಗಡಿಯ ಮೂಲೆಯಲ್ಲಿ ಕೂತು
ಹುಕ್ಕು ಹಾಕುತ್ತಾನೆ, ಕಾಜಾ ಕಟ್ಟುತ್ತಾನೆ.
ಒಂದು ಹುಕ್ಕಿಗೆ ಏಳು ಸುತ್ತು. ಆರಲ್ಲ, ಎಂಟಲ್ಲ.
ಗಟ್ಟಿಯಾಗಿ ಎಣಿಸುತ್ತಾನೆ, ಗಿರಾಕಿಗಳು ಮುಸಿಮುಸಿ ನಗುತ್ತಾರೆ.
ಬ್ಲೌಸು ಸವೆದು ಒಲೆ ಒರೆಸುವ ಬಟ್ಟೆಯಾದರೂ
ಅವನ ಹುಕ್ಕು ಕಿತ್ತ ದೂರು ಇನ್ನೂ ಬಂದಿಲ್ಲ.

ಹೋದ ಸೋಮವಾರ ವನಮಾಲ ಟೀಚರು ಬಂದರು,
ಔಷಧಿ ಅಂಗಡಿಯ ಕವರಿನಲ್ಲಿ ನಾಲ್ಕು ಬ್ಲೌಸು.
'ಎಲ್ಲಾ ಲೂಸಾಗ್ಬಿಟ್ಟಿವೆ, ಹಿಡ್ದು ಕೊಡಮ್ಮ.'
ಅಳತೆ ಪುಸ್ತಕ ತೆಗೆದೆ.
ಯುಗಾದಿಗೆ ಮೂವತ್ತೆಂಟು. ಗೌರಿಹಬ್ಬಕ್ಕೆ ಮೂವತ್ತೈದೂವರೆ.
ಟೇಪು ಸುತ್ತಿದೆ, ಮೂವತ್ತೆರಡಕ್ಕೆ ನಿಂತಿತು.
ಬೆರಳು ತೂರಿಸಿ ಮೂವತ್ತಮೂರು ಎಂದು ಬರೆದೆ.
'ಡಯಟ್ಟಾ ಟೀಚರ್?' ಎಂದೆ, ಗೊತ್ತಿದ್ದೂ.
ನಕ್ಕರು. ಬಳೆ ಮೊಣಕೈವರೆಗೆ ಜಾರಿತು.
'ಹದಿನೈದು ದಿನಕ್ಕೊಂದ್ಸಲ ಮೈಸೂರಿಗೆ ಹೋಗಿ ಬರ್ತಿದ್ದೀನಿ'
ಎಂದರು, ಅಷ್ಟೇ.

ಹೊಲಿಗೆ ಬಿಚ್ಚಿ, ಸೀಮೆಸುಣ್ಣದ ಗೆರೆ ಎಳೆದು,
ಹೆಚ್ಚಿನ ಬಟ್ಟೆಗೆ ಕತ್ತರಿ ಇಟ್ಟೆ.
ಮೂಲೆಯಲ್ಲಿ ಎಣಿಕೆ ಐದಕ್ಕೆ ನಿಂತಿತು.
'ಕತ್ತರಿಸ್ಬ್ಯಾಡ ಕಣಕ್ಕ,' ಅಂದ ಬೋರ, 'ಒಳೀಕ್ ಮಡ್ಚು.
ಟೀಚ್ರು ಆಮೇಲ್ ದಪ್ಪ ಆಯ್ತರೆ.'

ಮಡಿಸಿದೆ, ಐದಿಂಚನ್ನೂ, ಎರಡು ಪಕ್ಕಕ್ಕೆ ಹಂಚಿ.
ಕಂಕುಳಲ್ಲಿ ಕೊಂಚ ಒತ್ತೀತು. ಒತ್ತಲಿ.
ಬೇಕಾದ ದಿನ ಒಂದೆಳೆ ಎಳೆದರೆ
ತಾನೇ ಬಿಚ್ಚಿಕೊಳ್ಳುವ ಹಾಗೆ
ದೊಡ್ಡ ದೊಡ್ಡ ಹೊಲಿಗೆ ಹಾಕಿದೆ, ಲೂಸಾಗಿ.

ಬೋರ ಆರು ಅಂದ. ಏಳು ಅಂದ.
ದಾರವನ್ನು ಹಲ್ಲಲ್ಲಿ ಕಡಿದ.